ಕಿಲ್ ಎ ವಾಟ್ ಮೀಟರ್: ಮನೆ ಮುಂದೆ ನಿಂತ ಟ್ರೇಲರ್‌ನ ಕರೆಂಟ್ ಲೆಕ್ಕ

ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ಚೆಸ್ಕಾಂ ಬಂತು. ಅವರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಕೆಇಬಿಯೇ. ಹೋದ ವರ್ಷ ಮೇ ತಿಂಗಳಲ್ಲಿ ಹಾಸನದಿಂದ ಅಮೆರಿಕದ ನಮ್ಮ ಮನೆಗೆ ಬಂದರು. ಕಾಫಿ ಕುಡಿದು ಹೊರಗೆ ಹೋದವರು ಡ್ರೈವ್‌ವೇಯಲ್ಲಿದ್ದ ಟ್ರೇಲರ್‌ಗೆ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಚಕ್ರದ ಮನೆಗೆ, ಒಂದು ಸುತ್ತು ಹಾಕಿದರು. ಬಗ್ಗಿ ಟೈರ್ ನೋಡಿದರು. "ಪುಟ್ಟಿ, ಇದರ ಅರ್ಥಿಂಗ್ ಎಲ್ಲಮ್ಮ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಬೇಸಿಗೆ ಆ 22 ಅಡಿ ಟ್ರೇಲರನ್ನು ಎಳೆದುಕೊಂಡು ಲಡಿಂಗ್‌ಟನ್, ಸ್ಲೀಪಿಂಗ್ ಬೇರ್ ಅಂತ ಮಿಶಿಗನ್ ಸುತ್ತಿದ್ದೆವು. ಕ್ಯಾಂಪ್‌ಗ್ರೌಂಡ್‌ಗೆ ಹೋಗುವುದು, ಕಂಬದ ಪೆಟ್ಟಿಗೆಗೆ ದಪ್ಪ ವೈರ್ ಸಿಕ್ಕಿಸುವುದು, ಎಸಿ ಹಾಕಿಕೊಂಡು ಮಲಗುವುದು. ಒಳಗೆ ಕರೆಂಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಯಾರು ಕೇಳಿದ್ದರು? ಮನೆಯ ಪ್ಲಗ್ ಪಾಯಿಂಟ್‌ಗೆ ಅದನ್ನು ಒಮ್ಮೆಯೂ ಸಿಕ್ಕಿಸಿರಲಿಲ್ಲ. ಅಪ್ಪ ಇದ್ದ ಆರು ತಿಂಗಳಲ್ಲಿ ಅದೆಲ್ಲ ಕಲಿತೆ. ಅರ್ಧ ಅಪ್ಪನಿಂದ, ಇನ್ನರ್ಧ ಒಂದು ಪುಟ್ಟ ಮೀಟರ್‌ನಿಂದ. ಈ ರಿವ್ಯೂ ಆ ಮೀಟರ್‌ನದು.

ಪಿ3 ಕಂಪನಿಯ ಕಿಲ್ ಎ ವಾಟ್, ಮಾಡೆಲ್ ಪಿ4400. ಅಂಗೈ ಅಗಲ ಇದೆ. ಗೋಡೆಯ ಸಾಕೆಟ್‌ಗೆ ಇದನ್ನು ಸಿಕ್ಕಿಸಿ, ಇದರ ಹೊಟ್ಟೆಗೆ ನಿಮ್ಮ ಸಾಮಾನಿನ ಪ್ಲಗ್ ಸಿಕ್ಕಿಸಬೇಕು. ಕೆಳಗೆ ಐದು ಗುಂಡಿ. ವೋಲ್ಟ್, ಆಂಪ್, ವಾಟ್ ಎಲ್ಲ ತೋರಿಸುತ್ತದೆ. ಕೊನೆಯ ಗುಂಡಿ ಒತ್ತಿದರೆ ಇಷ್ಟು ಗಂಟೆಯಲ್ಲಿ ಎಷ್ಟು ಯೂನಿಟ್ ಅಂತ ಬರುತ್ತದೆ. ನಾನು ಕೊಂಡಾಗ ಹೆಚ್ಚುಕಡಿಮೆ 25 ಡಾಲರ್ ಇತ್ತು. ತಂದಿದ್ದು ಗ್ಯಾರೇಜಿನಲ್ಲಿರುವ ಹಳೇ ಫ್ರೀಜರ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ನೋಡಲು.

ಟ್ರೇಲರ್ ಕಥೆ ಶುರುವಾಗಿದ್ದೂ ಆ ಫ್ರೀಜರ್‌ನಿಂದಲೇ.

ಆ ವರ್ಷದ ಮೊದಲ ಪ್ರವಾಸಕ್ಕೆ ಹಿಂದಿನ ದಿನ ಟ್ರೇಲರ್‌ನ ಫ್ರಿಜ್ ತಣ್ಣಗೆ ಮಾಡಿಕೊಳ್ಳೋಣ ಅಂತ ಗ್ಯಾರೇಜಿನ ಪಾಯಿಂಟ್‌ನಿಂದ ವೈರ್ ಎಳೆದೆ. ನಮ್ಮದು 30 ಆಂಪ್ ಟ್ರೇಲರ್. ಅದರ ಪ್ಲಗ್ ಮುಷ್ಟಿ ಗಾತ್ರದ್ದು, ಮನೆಯ ಸಾಕೆಟ್‌ಗೆ ಹೋಗುವುದಿಲ್ಲ. ಮಧ್ಯೆ ಒಂದು ಅಡಾಪ್ಟರ್ ಬೇಕು. ಇಲ್ಲಿಯವರು ಅದನ್ನು ಡಾಗ್‌ಬೋನ್ ಅನ್ನುತ್ತಾರೆ, ನಾಯಿ ಕಚ್ಚುವ ಮೂಳೆಯ ಆಕಾರ ಅಂತ. ಸಿಕ್ಕಿಸಿದೆ. ಟಕ್ ಅಂತ ಸದ್ದು. ಟ್ರೇಲರ್ ಒಳಗೆ ಹೋಗಿ ನೋಡಿದರೆ ಲೈಟ್ ಉರಿಯುತ್ತಿದೆ. ಸರಿ, ಬಂತು ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಫ್ರಿಜ್ ಬೆಚ್ಚಗಿತ್ತು. ಗ್ಯಾರೇಜಿಗೆ ಹೋದರೆ ಫ್ರೀಜರ್‌ಗೆ ಹಾಕಿದ್ದ ಮೀಟರ್‌ನ ಮುಖ ಖಾಲಿ. ಹಿಂದಿನ ವಾರ ತುರಿದಿಟ್ಟಿದ್ದ ಹತ್ತು ಕಾಯಿ ನೀರು ಬಿಡುತ್ತಿತ್ತು. ಆ ವಾರ ನಮ್ಮನೆಯಲ್ಲಿ ಎಲ್ಲದಕ್ಕೂ ಕಾಯಿ. ಕಾಯಿ ಹೋಳಿಗೆ ಕೂಡ ಆಯಿತು.

ಆಗಿದ್ದಿಷ್ಟು. ಅಮೆರಿಕದಲ್ಲಿ ಗ್ಯಾರೇಜು, ಬಚ್ಚಲು, ಹೊರಗೋಡೆಯ ಪಾಯಿಂಟ್‌ಗಳಿಗೆ ಜಿಎಫ್‌ಸಿಐ ಅಂತ ಇರುತ್ತದೆ. ಊರಲ್ಲಿ ಮನೆಗೆ ಹಾಕಿಸುವ ಇಎಲ್‌ಸಿಬಿ, ಆರ್‌ಸಿಸಿಬಿಯ ತಮ್ಮ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಎಲ್ಲೋ ಸೋರಿದರೆ ಟಕ್ ಅಂತ ಬಿಡಿಸುತ್ತದೆ. ಊರಿನದು ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಗೆ ಬೀಳುವಂಥದ್ದು, ಇದು ಸುಮಾರು 5ಕ್ಕೇ. ಭಾರೀ ಮುಂಗೋಪಿ. ಒಂದು ಜಿಎಫ್‌ಸಿಐ ಬಿದ್ದರೆ ಅದರಿಂದ ಮುಂದಕ್ಕೆ ಹೋದ ಪಾಯಿಂಟ್‌ಗಳೂ ಸಾಯುತ್ತವೆ. ನಮ್ಮ ಫ್ರೀಜರ್ ಹಾಗೆ ಸತ್ತಿತ್ತು.

"ಲೈಟ್ ಹೇಗೆ ಉರೀತಿತ್ತು ಮತ್ತೆ?" ಅಂದೆ.

ಅಪ್ಪ ಉತ್ತರ ಹೇಳಲಿಲ್ಲ. ಸೂಟ್‌ಕೇಸ್‌ನಿಂದ ಟೆಸ್ಟರ್ ತಂದರು. ಹೌದು, ಅಮೆರಿಕಕ್ಕೆ ಬರುವಾಗ ಟೆಸ್ಟರ್ ತಂದಿದ್ದರು. ಚಟ್ನಿಪುಡಿ ಪೊಟ್ಟಣದ ಪಕ್ಕ ಇಟ್ಟಿದ್ದರಂತೆ.

ಟ್ರೇಲರ್ ಒಳಗಿನ ಬ್ರೇಕರ್‌ಗಳನ್ನೆಲ್ಲ ಇಳಿಸಿ, ಪ್ಲಗ್ ಸಿಕ್ಕಿಸಿ, ಒಂದೊಂದಾಗಿ ಏರಿಸಿ ಅಂದರು. ನಾನು ಒಳಗೆ, ಅವರು ಗ್ಯಾರೇಜಿನಲ್ಲಿ. "ಹಾಕು!" "ಹಾಕಿದೆ!" "ನಿಂತಿದೆ, ಇನ್ನೊಂದು!" ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿ ನೋಡಿ ಒಳಗೆ ಹೋದರು. ಎಸಿ ಹಾಕಿದರೂ ಜಿಎಫ್‌ಸಿಐ ಬೀಳದೆ ನಿಂತಿತು, ಮೈಕ್ರೋವೇವ್‌ಗೂ ನಿಂತಿತು, ಫ್ರಿಜ್‌ಗೂ ನಿಂತಿತು. ಗೀಸರ್‌ನ ಬ್ರೇಕರ್ ಏರಿಸಿದ ತಕ್ಷಣ ಟಕ್.

ತಪ್ಪು ನನ್ನದೇ. ಅಕ್ಟೋಬರ್‌ನಲ್ಲಿ ಚಳಿಗೆ ಮುಂಚೆ ಗೀಸರ್‌ನ ನೀರು ಖಾಲಿ ಮಾಡಿ, ನೀರು ಅದರೊಳಕ್ಕೆ ಹೋಗದ ಹಾಗೆ ವಾಲ್ವ್ ತಿರುಗಿಸಿದ್ದೆ. ಇಲ್ಲದಿದ್ದರೆ ಮಿಶಿಗನ್ ಚಳಿಗೆ ಟ್ಯಾಂಕು ಒಡೆಯುತ್ತದೆ. ವಸಂತದಲ್ಲಿ ಟ್ರೇಲರನ್ನು ಹೊರಗೆ ತರುವಾಗ, ಚಳಿಗಾಲದಲ್ಲಿ ಅದನ್ನು ಇಡುವ ಜಾಗದಲ್ಲೇ ಕರೆಂಟ್ ಕೊಟ್ಟು ಎಲ್ಲ ಪರೀಕ್ಷಿಸಿದ್ದೆ. ಆಗ ಗೀಸರ್ ಸ್ವಿಚ್ಚನ್ನೂ ಒತ್ತಿದ್ದೆ, ಲೈಟ್ ಸ್ವಿಚ್ ಅಂದುಕೊಂಡು. ಎರಡೂ ಒಂದೇ ತರಹ ಇವೆ. ನೀರಿಲ್ಲದ ಕಾಯಿಲ್ ಸುಟ್ಟುಹೋಗಿ ಬಿರುಕು ಬಿಟ್ಟಿತ್ತು. ಮಲ್ಟಿಮೀಟರ್ ಇಟ್ಟರೆ ಕಾಯಿಲ್‌ನ ಎರಡು ತುದಿಗಳ ನಡುವೆ 10 ಓಮ್ ಬರಬೇಕಿತ್ತು, ಏನೂ ಬರಲಿಲ್ಲ. ತುದಿಗೂ ಟ್ಯಾಂಕಿನ ಮೈಗೂ ನಡುವೆ ಏನೂ ಬರಬಾರದಿತ್ತು, 8 ಸಾವಿರ ಓಮ್ ಬಂತು. 120 ವೋಲ್ಟ್‌ಗೆ ಅಲ್ಲಿ 15 ಮಿಲಿಆಂಪ್ ಸೋರುತ್ತದೆ. ಜಿಎಫ್‌ಸಿಐ ಬೀಳದೆ ಇರುತ್ತದೆಯೇ? ಹೊಸ ಕಾಯಿಲ್ ಹಾಕಿದೆವು. ಸ್ವಿಚ್ ಮೇಲೆ ಕೆಂಪು ನೈಲ್‌ಪಾಲಿಶ್‌ನಲ್ಲಿ "ನೀರು?" ಅಂತ ಬರೆದಿದ್ದೇನೆ.

ಅಪ್ಪನ ಅರ್ಥಿಂಗ್ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆವತ್ತೇ. ರಬ್ಬರ್ ಟೈರ್ ಮೇಲೆ ನಿಂತ ಟ್ರೇಲರ್‌ಗೆ ತನ್ನದೇ ಅರ್ಥ್ ಇಲ್ಲ. ಪ್ಲಗ್‌ನ ಮೂರನೇ ಪಿನ್ನಿನ ಮೂಲಕ ಅದರ ಕಬ್ಬಿಣದ ಮೈ ಪೂರ್ತಿ ನಮ್ಮ ಮನೆಯ ಪ್ಯಾನೆಲ್‌ಗೆ ಬಂದು ಸೇರುತ್ತದೆ. ನ್ಯೂಟ್ರಲ್ (ಕರೆಂಟ್ ವಾಪಸ್ ಬರುವ ತಂತಿ) ಮತ್ತು ಅರ್ಥ್ ಒಂದಾಗುವುದು ಆ ಪ್ಯಾನೆಲ್‌ನಲ್ಲಿ ಮಾತ್ರ. ಟ್ರೇಲರ್ ಒಳಗಿನ ಪೆಟ್ಟಿಗೆಯಲ್ಲಿ ಅವೆರಡು ಬೇರೆ ಬೇರೆಯೇ ಇರಬೇಕು. ಯಾರಾದರೂ ಅಲ್ಲಿ ಸೇರಿಸಿಬಿಟ್ಟರೆ ಗೀಸರ್ ಚೆನ್ನಾಗಿದ್ದರೂ ಜಿಎಫ್‌ಸಿಐ ಬೀಳುತ್ತದೆ. ಟ್ರೇಲರ್‌ಗೆ ಅರ್ಥ್ ಅಂತ ಇರುವುದು ಆ ಮೂರನೇ ಪಿನ್ ಒಂದೇ, ಅದಕ್ಕೇ ಅದು ಮುರಿದ ಎಕ್ಸ್‌ಟೆನ್ಷನ್ ವೈರ್ ಇದ್ದರೆ ಎಸೆದುಬಿಡಿ. ಕರೆಂಟ್ ಹರಿಯುತ್ತದೆ, ಎಲ್ಲ ಓಡುತ್ತದೆ, ಆದರೆ ಟ್ರೇಲರ್ ಬಾಗಿಲಿನ ಹಿಡಿ ಹಿಡಿದವರಿಗೆ ಶಾಕ್ ಹೊಡೆಯಬಹುದು.

ಇನ್ನು ಲೈಟ್ ಹೇಗೆ ಉರಿಯುತ್ತಿತ್ತು ಅನ್ನುವುದು. ಇದನ್ನು ನನಗೆ ಸರಿಯಾಗಿ ತೋರಿಸಿದ್ದು ಮೀಟರ್.

ಟ್ರೇಲರ್‌ನಲ್ಲಿ ಎರಡು ಸಂಸಾರ ಇವೆ. ಒಂದು 120 ವೋಲ್ಟ್‌ನದು. ಎಸಿ, ಮೈಕ್ರೋವೇವ್, ಗೀಸರ್‌ನ ಕಾಯಿಲ್, ಗೋಡೆಯ ಸಾಕೆಟ್‌ಗಳು ಇದಕ್ಕೆ ಸೇರಿವೆ. ಇನ್ನೊಂದು ಬ್ಯಾಟರಿಯ 12 ವೋಲ್ಟ್‌ನದು. ಲೈಟು, ನೀರಿನ ಪಂಪು, ಹೀಟರಿನ ಫ್ಯಾನು, ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ, ಫ್ರಿಜ್‌ನ ಒಳಗಿನ ಬೋರ್ಡು ಇದರಲ್ಲಿ. ಇವೆರಡರ ನಡುವೆ ಕನ್ವರ್ಟರ್ ಇದೆ. ಹೊರಗಿನ ಕರೆಂಟ್ ಬಂದಾಗ 120ನ್ನು 12 ಮಾಡಿ ಬ್ಯಾಟರಿ ಚಾರ್ಜ್ ಮಾಡುತ್ತದೆ, ಲೈಟ್‌ಗೂ ಕೊಡುತ್ತದೆ. ನಮ್ಮೂರ ಮನೆಗಳಲ್ಲಿ ಹಾಲ್ ಮೂಲೆಯಲ್ಲಿ ಗುಂಯ್ ಅನ್ನುವ ಯುಪಿಎಸ್ ಇರುತ್ತದಲ್ಲ, ಅದು ಎರಡು ಕೆಲಸ ಮಾಡುತ್ತದೆ. ಕರೆಂಟ್ ಇದ್ದಾಗ ಬ್ಯಾಟರಿ ತುಂಬುತ್ತದೆ, ಹೋದಾಗ ಬ್ಯಾಟರಿಯಿಂದ ಮನೆಗೆ ಕೊಡುತ್ತದೆ. ನಮ್ಮ ಟ್ರೇಲರ್‌ನ ಕನ್ವರ್ಟರ್‌ಗೆ ಮೊದಲನೇ ಕೆಲಸ ಮಾತ್ರ ಗೊತ್ತು. ಎರಡನೆಯದಕ್ಕೆ ಇನ್ವರ್ಟರ್ ಬೇಕು, ನಮ್ಮಲ್ಲಿ ಇಲ್ಲ. ಅಂದರೆ ಪ್ಲಗ್ ಕಿತ್ತರೆ ಲೈಟ್ ಉರಿಯುತ್ತದೆ, ಸಾಕೆಟ್ ಸಾಯುತ್ತದೆ. ಆ ರಾತ್ರಿ ಬ್ಯಾಟರಿಯ ಲೈಟ್ ನೋಡಿ ನಾನು ಕರೆಂಟ್ ಬಂದಿದೆ ಅಂದುಕೊಂಡಿದ್ದೆ. ಈಗ ಸಿಕ್ಕಿಸಿದ ಮೇಲೆ ಮೈಕ್ರೋವೇವ್‌ನ ಗಡಿಯಾರ ನೋಡುತ್ತೇನೆ. ಅದು ಮಿನುಗಿದರೆ ಕರೆಂಟ್ ಬಂದಿದೆ.

ಮೀಟರನ್ನು ವೈರ್ ಮತ್ತು ಅಡಾಪ್ಟರ್ ನಡುವೆ ಹಾಕಿ ಅಪ್ಪ, ನಾನು ಒಂದು ಭಾನುವಾರ ಪೂರ್ತಿ ಕುಳಿತೆವು. ಅಪ್ಪ ಹಳೇ ಡೈರಿಯಲ್ಲಿ ಬರೆದುಕೊಂಡರು.

ಎಲ್ಲ ಆಫ್ ಮಾಡಿದರೂ 38 ವಾಟ್. ಕನ್ವರ್ಟರ್ ತನಗೆ ತಾನೇ ಸ್ವಲ್ಪ ತಿನ್ನುತ್ತದೆ, ಗ್ಯಾಸ್ ಪೆಟ್ಟಿಗೆ ಸ್ವಲ್ಪ, ರೇಡಿಯೋ ಗಡಿಯಾರ ಸ್ವಲ್ಪ. ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್, ಸುಮ್ನೆ ನಿಂತಿದ್ದಕ್ಕೆ! ನೀರಿನ ಪಂಪ್ ಹಾಕಿದರೆ 120 ವಾಟ್‌ಗೆ ಏರಿತು. ಪಂಪ್ 12 ವೋಲ್ಟ್‌ದಾದರೂ ಅದರ ಊಟ ಬರುವುದು ಗೋಡೆಯಿಂದಲೇ, ಕನ್ವರ್ಟರ್ ಮೂಲಕ. ಫ್ರಿಜ್‌ಗೆ 310. ಈ ಫ್ರಿಜ್‌ನಲ್ಲಿ ಮನೆಯದರ ಹಾಗೆ ಕಂಪ್ರೆಸರ್ ಇಲ್ಲ. ಒಂದು ಕಾಯಿಲ್ ಅಮೋನಿಯ ನೀರನ್ನು ಕಾಯಿಸುತ್ತದೆ, ಅದರಿಂದ ಒಳಗೆ ತಂಪಾಗುತ್ತದೆ. ಬೆಂಕಿಯಿಂದ ಐಸು. ಕರೆಂಟ್ ಇಲ್ಲದಿದ್ದರೆ ಗ್ಯಾಸ್ ಉರಿಯಲ್ಲೂ ಓಡುತ್ತದೆ. ತಣ್ಣಗಾಗಲು ಒಂದು ರಾತ್ರಿಯಾದರೂ ಬೇಕು. ಟ್ರೇಲರ್ ಮಟ್ಟವಾಗಿ ನಿಂತಿರಬೇಕು, ವಾಲಿದ್ದರೆ ಕೆಡುತ್ತದೆ. ಮೈಕ್ರೋವೇವ್ 1400, ಗೀಸರ್ 1400, ಎಸಿ ಓಡುವಾಗ ಸುಮಾರು 1400. ಮೂರೂ ಆನೆಗಳೇ.

ಬ್ಯಾಟರಿಯ ಆಟ ನೋಡಲು ನನಗೆ ತುಂಬಾ ಇಷ್ಟವಾಯಿತು. ಎರಡು ದಿನ ಕರೆಂಟ್ ಇಲ್ಲದ ಕಡೆ ಇದ್ದು ಬಂದು ಸಿಕ್ಕಿಸಿದಾಗ ಮೀಟರ್ 420 ತೋರಿಸಿತು. ಸಂಜೆಗೆ 150, ರಾತ್ರಿಗೆ 90, ಬೆಳಿಗ್ಗೆ ಮತ್ತೆ 38. ಹಸಿದವನು ಮೊದಲು ಗಬಗಬ ತಿಂದು ಆಮೇಲೆ ನಿಧಾನ ಆಗುತ್ತಾನಲ್ಲ, ಹಾಗೆ. ನಮ್ಮ ಕನ್ವರ್ಟರ್ 14.4 ವೋಲ್ಟ್‌ನಲ್ಲಿ ಶುರುಮಾಡಿ 13.6ಕ್ಕೆ ಇಳಿಸಿ, ಕೊನೆಗೆ 13.2ರಲ್ಲಿ ಹಿಡಿದಿಡುತ್ತದೆ. ಹಳೇ ಟ್ರೇಲರ್‌ಗಳ ಕೆಲವು ಕನ್ವರ್ಟರ್‌ಗಳಿಗೆ ಈ ಇಳಿಸುವ ಬುದ್ಧಿ ಇಲ್ಲ. ಅಂಥದ್ದನ್ನು ತಿಂಗಳುಗಟ್ಟಲೆ ಸಿಕ್ಕಿಸಿಟ್ಟರೆ ಬ್ಯಾಟರಿಯ ನೀರು ಕುದ್ದು ಹೋಗುತ್ತದೆ. ಬುದ್ಧಿ ಇದ್ದರೂ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ, ಡಿಸ್ಟಿಲ್ಡ್ ವಾಟರ್ ಹಾಕಿ. ಯುಪಿಎಸ್ ಇರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರ್‌ಗೆ ಬರೋಣ. ಗೌರಿ ಗಣೇಶಕ್ಕೆ ಷಿಕಾಗೋದಿಂದ ಭಾವ, ಅಕ್ಕ, ಮಕ್ಕಳು ಬಂದರು. ಟ್ರೇಲರ್ ಅತಿಥಿಗಳ ಕೋಣೆಯಾಯಿತು. ಆ ವಾರ ಸೆಕೆ ಜಾಸ್ತಿ, ಎಸಿ ಬೇಕು. ಆಗ ಗೊತ್ತಾಯಿತು ಡಾಗ್‌ಬೋನ್ ಬದಲಾಯಿಸುವುದು ಪ್ಲಗ್‌ನ ಆಕಾರವನ್ನು ಮಾತ್ರ ಅಂತ. ಕ್ಯಾಂಪ್‌ಗ್ರೌಂಡ್‌ನ ಕಂಬ 30 ಆಂಪ್ ಕೊಡುತ್ತದೆ, ಅಂದರೆ 3600 ವಾಟ್. ನಮ್ಮ ಗ್ಯಾರೇಜಿನ ಪಾಯಿಂಟ್ 15 ಆಂಪ್, 1800 ವಾಟ್. ಗಂಟೆಗಟ್ಟಲೆ ಓಡಿಸುವುದಾದರೆ ಅದರಲ್ಲೂ ಶೇಕಡ 80, ಅಂದರೆ 1440 ಮಾತ್ರ ಲೆಕ್ಕಕ್ಕೆ. ಎಸಿಗೆ 1400 ಕೊಟ್ಟರೆ ಉಳಿದಿದ್ದು ಒಂದು ಫೋನ್ ಚಾರ್ಜರ್‌ಗೆ. ಫ್ರೀಜರ್ ಬೇರೆ ಅದೇ ಲೈನಿನಲ್ಲಿತ್ತು. ಮೊದಲು ಅದನ್ನು ಅಡುಗೆಮನೆಯ ಲೈನಿಗೆ ಬದಲಾಯಿಸಿದೆವು. ಫ್ರಿಜ್ಜನ್ನೂ ಗೀಸರನ್ನೂ ಗ್ಯಾಸ್‌ಗೆ ತಿರುಗಿಸಿದೆವು. ಮೈಕ್ರೋವೇವ್ ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿದೆವು. ಭಾವ ಮುಟ್ಟಿದರು. ರಾತ್ರಿ ಹನ್ನೊಂದಕ್ಕೆ ಪಾಪ್‌ಕಾರ್ನ್. ಬ್ರೇಕರ್ ಬಿತ್ತು.

ಅದಕ್ಕಿಂತ ಹೆದರಿಸಿದ್ದು ವೈರ್. ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಟ್ಟಿದ್ದ 100 ಅಡಿಯ ಕಿತ್ತಳೆ ಬಣ್ಣದ ವೈರ್ ಎಳೆದಿದ್ದೆವು. ಟ್ರೇಲರ್ ತುದಿಯಲ್ಲಿ ಮೀಟರ್ ಹಾಕಿ ನೋಡಿದರೆ ಎಸಿ ಇಲ್ಲದಾಗ 121 ವೋಲ್ಟ್, ಎಸಿ ಶುರುವಾದ ಮೇಲೆ 108. ಅಪ್ಪ ವೈರ್ ಮುಟ್ಟಿ ನೋಡಿ, "ದೋಸೆ ಹುಯ್ಯಬಹುದು" ಅಂದರು. ಅದರ ಮೇಲೆ 16 ಗೇಜ್ ಅಂತ ಬರೆದಿತ್ತು. ಇಲ್ಲಿ ಗೇಜ್ ಅಂಕಿ ಹೆಚ್ಚಿದಷ್ಟೂ ವೈರ್ ಸಣ್ಣ. ಅಪ್ಪನ ಲೆಕ್ಕದಲ್ಲಿ ಹೇಳಿದರೆ 16 ಗೇಜ್ ಅಂದರೆ 1.3 ಸ್ಕ್ವೇರ್ ಎಂಎಂ. 10 ಗೇಜ್ ಅಂದರೆ 5ಕ್ಕಿಂತ ಸ್ವಲ್ಪ ಜಾಸ್ತಿ. "ಒಂದೂಕಾಲು ಎಂಎಂ ವೈರಲ್ಲಿ ಎಸಿ ಓಡಿಸ್ತಾರೇನಮ್ಮ ಯಾರಾದ್ರೂ?" ಅಂದರು. ಸುರುಳಿ ಬಿಚ್ಚದೆ ಬಿಟ್ಟಿದ್ದ ಭಾಗವಂತೂ ಇನ್ನೂ ಬಿಸಿ. ವೋಲ್ಟ್ ಇಳಿದರೆ ಎಸಿಯ ಕಂಪ್ರೆಸರ್ ಕಷ್ಟಪಟ್ಟು ಬೇಗ ಸಾಯುತ್ತದೆ. ಪಂಪ್‌ಸೆಟ್ ಮೋಟಾರ್ ಸುಟ್ಟುಕೊಂಡ ರೈತರನ್ನು ಅಪ್ಪ ಕೆಲಸದ ಉದ್ದಕ್ಕೂ ನೋಡಿದ್ದಾರೆ. ಮರುದಿನವೇ 25 ಅಡಿಯ 10 ಗೇಜ್ ವೈರ್ ತಂದೆವು. ಟ್ರೇಲರನ್ನು ಗ್ಯಾರೇಜ್ ಹತ್ತಿರಕ್ಕೆ ಸರಿಸಿದೆವು. ಅದೇ ಎಸಿ, 118 ವೋಲ್ಟ್. ಈ ಒಂದು ಸಂಗತಿಗೇ ಮೀಟರ್ ದುಡ್ಡು ವಸೂಲಾಯಿತು.

ಅಕ್ಟೋಬರ್‌ನಲ್ಲಿ ಗ್ಯಾರೇಜಿನ ಹೊರಗೋಡೆಗೆ ಟ್ರೇಲರ್ ಪ್ಲಗ್ ನೇರವಾಗಿ ಸಿಕ್ಕುವ 30 ಆಂಪ್‌ನ ಪಾಯಿಂಟ್ ಹಾಕಿಸಿದೆವು, ಅದರ ಹೆಸರು ಟಿಟಿ-30. ಇದನ್ನು ಮಾಡಿಸುವವರಿಗೆ ಒಂದು ಮಾತು. ನಾನು ಮೊದಲು ಫೋನ್ ಮಾಡಿದ ಎಲೆಕ್ಟ್ರಿಶಿಯನ್, "30 ಆಂಪ್, ಡ್ರೈಯರ್ ಪಾಯಿಂಟ್ ತಾನೇ?" ಅಂದರು. ಅಲ್ಲವೇ ಅಲ್ಲ. ಬಟ್ಟೆ ಒಣಗಿಸುವ ಡ್ರೈಯರ್‌ನ ಹಳೇ ಮೂರು ಪಿನ್ ಪಾಯಿಂಟ್ ಕೂಡ 30 ಆಂಪ್, ನೋಡಲು ಹೆಚ್ಚುಕಡಿಮೆ ಇದೇ ತರಹ, ಆದರೆ 240 ವೋಲ್ಟ್. ಟ್ರೇಲರ್‌ನದು 120. ತಪ್ಪಿ 240 ಬಂದರೆ ಕನ್ವರ್ಟರ್, ಮೈಕ್ರೋವೇವ್, ಎಸಿಯ ಬೋರ್ಡ್ ಒಂದೇ ಏಟಿಗೆ ಹೊಗೆ. ನಾನು ಬೇರೆಯವರನ್ನು ಕರೆಸಿದೆ. ಅವರು 120 ವೋಲ್ಟ್‌ಗೆ ಬೇಕಾದ ಒಂಟಿ ಬ್ರೇಕರ್ ಹಾಕಿ, 10 ಗೇಜ್ ತಂತಿ ಎಳೆದರು. ಅವರು ಹೋದ ಮೇಲೆ ಅಪ್ಪ ಮಲ್ಟಿಮೀಟರ್ ಇಟ್ಟರು. 121. ಇನ್ನೊಂದು ಸಲ ಇಟ್ಟರು. ಆಮೇಲೆ ಸಿಕ್ಕಿಸಲು ಬಿಟ್ಟರು.

ಈಗ ಮೀಟರ್‌ನ ಕೊರತೆಗಳು. ಪರದೆಗೆ ಬೆಳಕಿಲ್ಲ, ರಾತ್ರಿ ಟಾರ್ಚ್ ಹಿಡಿಯಬೇಕು. ಪಕ್ಕದ ಸಾಕೆಟ್ಟನ್ನು ಅರ್ಧ ಮುಚ್ಚುತ್ತದೆ. ಈ ಮಾಡೆಲ್‌ನಲ್ಲಿ ಕರೆಂಟ್ ಹೋದರೆ ಅಲ್ಲಿವರೆಗಿನ ಯೂನಿಟ್ ಲೆಕ್ಕ ಅಳಿಸಿಹೋಗುತ್ತದೆ, ಡೈರಿಯಲ್ಲಿ ಬರೆದಿಟ್ಟರೆ ಉಂಟು. 15 ಆಂಪ್ ಇದರ ಮಿತಿ, ಟಿಟಿ-30 ಪ್ಲಗ್‌ಗೆ ನೇರವಾಗಿ ಆಗುವುದಿಲ್ಲ. ಇದು ಮನೆಯೊಳಗಿನ ಬಳಕೆಗೆ ಮಾಡಿದ್ದು. ಹೊರಗೆ ಇಡುವಾಗ ಒಣ ದಿನ ನೋಡಿಕೊಂಡು, ಕಣ್ಣೆದುರೇ ಇಟ್ಟುಕೊಂಡು ಅಳೆಯುತ್ತೇನೆ. ರಾತ್ರಿಯಿಡೀ ಎಸಿ ಓಡಿಸುವಾಗ ಮಧ್ಯದಿಂದ ತೆಗೆದೇಬಿಡುತ್ತೇನೆ. ತಪ್ಪು ವೈರಿಂಗ್ ಇದ್ದರೆ ಇದು ಏನೂ ಹೇಳುವುದಿಲ್ಲ, ಕಾಪಾಡುವುದೂ ಇಲ್ಲ. ಆ ಕೆಲಸಕ್ಕೆ ಇಎಂಎಸ್ ಅನ್ನುವ ದಪ್ಪ ಪೆಟ್ಟಿಗೆಗಳು ಬರುತ್ತವೆ, ವೋಲ್ಟ್ ತೀರಾ ಇಳಿದರೆ ಅಥವಾ ಏರಿದರೆ ತಾವೇ ಕಡಿದುಹಾಕುತ್ತವೆ. ಬೆಲೆ ಇದಕ್ಕಿಂತ ಎಷ್ಟೋ ಪಟ್ಟು. ಕ್ಯಾಂಪ್‌ಗ್ರೌಂಡ್‌ಗಳಿಗೆ ಹೋಗುವವರಿಗೆ ಅದೂ ಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೊಸದಾಗಿ ಟ್ರೇಲರ್ ಕೊಂಡವರು ಚಂದದ ಕಿಟಕಿ ಪರದೆ, ತೂಗುದೀಪ ಎಲ್ಲ ಕೊಳ್ಳುವ ಮುಂಚೆ ಇದನ್ನು ತಂದು ಒಂದು ಭಾನುವಾರ ಕುಳಿತುಕೊಳ್ಳಿ.

ಅಪ್ಪ ನವೆಂಬರ್‌ನಲ್ಲಿ ವಾಪಸ್ ಹೊರಟರು. ಅಷ್ಟರಲ್ಲಿ ನಮ್ಮ ವೆಟ್ ಗ್ರೈಂಡರ್, ರೈಸ್ ಕುಕ್ಕರ್, ದೇವರ ಮನೆಯ ಸೀರಿಯಲ್ ಸೆಟ್ಟು ಎಲ್ಲದರ ವಾಟ್ ಅವರ ಡೈರಿಯಲ್ಲಿತ್ತು. "ಇಂಥದ್ದೊಂದು ನನಗೂ ಕೊಡಿಸಮ್ಮ, ಹಾಸನಕ್ಕೆ ತಗೊಂಡು ಹೋಗ್ತೀನಿ" ಅಂದರು. ಮೀಟರ್ ತಿರುಗಿಸಿ ಹಿಂದೆ ಬರೆದಿದ್ದನ್ನು ತೋರಿಸಿದೆ. ಹೆಚ್ಚೆಂದರೆ 125 ವೋಲ್ಟ್. ಊರಲ್ಲಿ 230. ಕನ್ನಡಕ ಏರಿಸಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟೆಸ್ಟರ್ ತೆಗೆದು ಸೂಟ್‌ಕೇಸ್‌ನಲ್ಲಿಟ್ಟುಕೊಂಡರು.